ಕಾರಿನ ಹೆಡ್‌ಲೈಟ್ ಬೆಳಕು ಸಾಲುತ್ತಿಲ್ಲವೇ? ಬಲ್ಬ್ ಬದಲಿಸುವ ಮುಂಚೆ ಮಾಡಬೇಕಾದ್ದು, ಕಾನೂನು ಬಿಡುವಷ್ಟು: ಕಲಬುರಗಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಹುಮನಾಬಾದ್ ಕಡೆಯಿಂದ ರಾತ್ರಿ ಕಲಬುರಗಿಗೆ ಗಾಡಿ ಓಡಿಸಿಕೊಂಡು ಬರುವವರಿಗೆ ಎರಡು ತಲೆನೋವು. ಒಂದು, ನಮ್ಮ ಕಾರಿನ ಬೆಳಕು ಸಾಲುವುದಿಲ್ಲ. ಇನ್ನೊಂದು, ಎದುರಿನವನ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಮೊದಲನೆಯದಕ್ಕೆ ಮದ್ದು ಅಂತ ಸಿಕ್ಕಸಿಕ್ಕವರೆಲ್ಲ ಬೆಳ್ಳನೆಯ ಎಲ್‌ಇಡಿ ಬಲ್ಬ್ ಹಾಕಿಸಿಕೊಂಡಿದ್ದರಿಂದಲೇ ಎರಡನೆಯದು ಇಷ್ಟು ಜಾಸ್ತಿ ಆಗಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಳಕು ಸಾಲುತ್ತಿಲ್ಲ ಅನ್ನುವ ಹತ್ತರಲ್ಲಿ ಎಂಟು ಕಾರುಗಳಿಗೆ ಹೊಸ ಬಲ್ಬ್ ಬೇಕಾಗಿಲ್ಲ. ಮಬ್ಬಾದ ಗ್ಲಾಸು, ಸೊರಗಿದ ವೈರಿಂಗ್, ಎತ್ತಲೋ ನೋಡುತ್ತಿರುವ ಫೋಕಸ್, ಈ ಮೂರನ್ನು ಸರಿ ಮಾಡಿದರೆ ಸಾಕು. ಖರ್ಚೂ ಕಡಿಮೆ, ಪೊಲೀಸರ ಭಯವೂ ಇಲ್ಲ. ಹಾಗಾಗಿ ಕೆಳಗಿನದನ್ನು ಅದೇ ಕ್ರಮದಲ್ಲಿ ಓದಿ. ನಡುವಿನಿಂದ ಹಾರಿ ಅಂಗಡಿಗೆ ಓಡಬೇಡಿ.

ಮೊದಲು, ನಿಮ್ಮ ಕಾರಿನಲ್ಲಿ ಇರುವುದೇನು

ಹೆಡ್‌ಲೈಟ್ ಮುಂದೆ ಕುಕ್ಕರಗಾಲಲ್ಲಿ ಕೂತು ಒಳಗೆ ನೋಡಿ. ಹೊಳೆಯುವ ಬಟ್ಟಲಿನಂಥದ್ದು ಕಂಡರೆ ಅದು ರಿಫ್ಲೆಕ್ಟರ್. ದುಂಡನೆಯ ಗಾಜಿನ ಗುಡ್ಡೆ ಕಂಡರೆ ಪ್ರೊಜೆಕ್ಟರ್. ನಮ್ಮ ಕಡೆ ಓಡುವ ಚಿಕ್ಕ ಕಾರುಗಳಲ್ಲಿ, ಹಳೆಯ ಬೊಲೆರೊಗಳಲ್ಲಿ ಹೆಚ್ಚಾಗಿ ಇರುವುದು ರಿಫ್ಲೆಕ್ಟರ್, ಅದರೊಳಗೆ ಎಚ್4 ಹ್ಯಾಲೊಜೆನ್ ಬಲ್ಬ್.

ಎಚ್4 ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಗಾಜು ಮುಟ್ಟಬೇಡಿ, ಕೆಳಗಿನ ಲೋಹದ ಭಾಗ ಹಿಡಿಯಿರಿ. ಒಳಗೆ ಎರಡು ಸಣ್ಣ ಸುರುಳಿ ತಂತಿಗಳಿವೆ. ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. ಲೋ ಬೀಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಚಮಚ ಇರುತ್ತದೆ. ಆ ಚಮಚವೇ ಇಲ್ಲಿ ಮುಖ್ಯ. ತಂತಿಯ ಬೆಳಕು ರಿಫ್ಲೆಕ್ಟರಿನ ಕೆಳಗಿನ ಅರ್ಧಕ್ಕೆ ಬೀಳದ ಹಾಗೆ ಅದು ತಡೆಯುತ್ತದೆ. ಕೆಳಗಿನ ಅರ್ಧಕ್ಕೆ ಬಿದ್ದಿದ್ದರೆ ಆ ಬೆಳಕು ಮೇಲಕ್ಕೆ ಚಿಮ್ಮಿ ನೇರ ಎದುರಿನವನ ಕಣ್ಣಿಗೆ ಹೋಗುತ್ತಿತ್ತು. ಆದ್ದರಿಂದಲೇ ಹೈ ಬೀಮ್‌ನಲ್ಲಿ ಸುಮಾರು 1,650 ಲ್ಯೂಮೆನ್ (ಬೆಳಕಿನ ಅಳತೆ) ಕೊಡುವ ಬಲ್ಬು ಲೋ ಬೀಮ್‌ನಲ್ಲಿ ಸುಮಾರು 1,000 ಲ್ಯೂಮೆನ್ ಮಾತ್ರ ಕೊಡುತ್ತದೆ. ಅದು ದೋಷ ಅಲ್ಲ. ಬೇಕಂತಲೇ ಹಾಗೆ ಮಾಡಿದ್ದು.

ಪ್ರೊಜೆಕ್ಟರ್ ಇದ್ದರೆ ಒಳಗೆ ಎಚ್7 ಅಥವಾ ಎಚ್11 ತರಹದ ಬಲ್ಬ್ ಇರಬಹುದು. ಕೆಲವು ಹಳೆಯ ದುಬಾರಿ ಕಾರುಗಳಲ್ಲಿ ಕ್ಸೆನಾನ್, ಅಂದರೆ ಎಚ್‌ಐಡಿ. ಅದು 35 ವ್ಯಾಟ್‌ನಲ್ಲೇ 3,200 ಲ್ಯೂಮೆನ್ ಆಸುಪಾಸು ಕೊಡುತ್ತದೆ. ಅಷ್ಟು ಬೆಳಕು ಕೊಡುವ ದೀಪ ಕಂಪನಿಯಿಂದಲೇ ಬಂದಿದ್ದರೆ ಜೊತೆಗೆ ತಾನಾಗಿ ಮೇಲೆ ಕೆಳಗೆ ಹೊಂದಿಕೊಳ್ಳುವ ಲೆವೆಲಿಂಗ್ ಮೋಟಾರ್ ಮತ್ತು ಗ್ಲಾಸ್ ತೊಳೆಯುವ ವಾಷರ್ ಇರುತ್ತದೆ. 2,000 ಲ್ಯೂಮೆನ್ ದಾಟಿದ ದೀಪಕ್ಕೆ ಅವೆರಡೂ ಬೇಕೇ ಬೇಕು ಅಂತ ಯುರೋಪಿನ ನಿಯಮ ಬಂದದ್ದು ಸುಮ್ನೆ ಅಲ್ಲ. ಧೂಳು ಕೂತ ಗ್ಲಾಸಿನ ಮೇಲೆ ಅಷ್ಟು ಬೆಳಕು ಬಿದ್ದರೆ ಎಲ್ಲ ಕಡೆ ಚೆಲ್ಲಾಡುತ್ತದೆ.

ಗ್ಲಾಸಿನ ಮೂಲೆಯಲ್ಲಿ ಪುಟ್ಟ ಅಕ್ಷರಗಳು ಅಚ್ಚಾಗಿರುತ್ತವೆ. ಟಾರ್ಚ್ ಹಾಕಿ ಓದಿ. ಎಚ್‌ಸಿಆರ್ ಅಂತಿದ್ದರೆ ಹ್ಯಾಲೊಜೆನ್ ಲೋ ಮತ್ತು ಹೈ ಎರಡಕ್ಕೂ ಒಪ್ಪಿಗೆ ಪಡೆದ ದೀಪ. ಡಿಸಿಆರ್ ಅಂತಿದ್ದರೆ ಕ್ಸೆನಾನ್. ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಅಂಕಿ ಇದ್ದರೆ ಯುರೋಪ್ ಮೂಲದ ಇಸಿಇ ನಿಯಮದಡಿ ಯಾವುದೋ ದೇಶದ ಒಪ್ಪಿಗೆ ಸಿಕ್ಕಿದೆ ಅಂತ ಅರ್ಥ. ಇನ್ನೊಂದು ಗುರುತು ಬಾಣದ್ದು. ಎಡಬದಿ ಸಂಚಾರದ ದೇಶಕ್ಕೆ ಮಾಡಿದ ದೀಪದಲ್ಲಿ, ನೀವು ಎದುರು ನಿಂತು ನೋಡಿದಾಗ ಬಾಣ ನಿಮ್ಮ ಬಲಕ್ಕೆ ತೋರಿಸುತ್ತದೆ, ಅಂದರೆ ಕಾರಿನ ಎಡಕ್ಕೆ. ಈ ಬಾಣ ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ಗ್ಲಾಸ್ ಮಬ್ಬಾಗಿದೆಯಾ?

ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ. ಈಗಿನ ಹೆಡ್‌ಲೈಟ್ ಗ್ಲಾಸು ಗಾಜೇ ಅಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲೆ ತೆಳುವಾದ ಯುವಿ ಲೇಪನ ಇರುತ್ತದೆ. ನಾಲ್ಕಾರು ವರ್ಷ ಬಯಲಲ್ಲಿ ನಿಂತ ಕಾರಿನ ಲೇಪನ ಸುಟ್ಟು ಹಳದಿ ಬಣ್ಣಕ್ಕೆ ತಿರುಗುತ್ತದೆ. ಅದರ ಮೇಲೆ ವಾಡಿ, ಸೇಡಂ ಕಡೆಯ ಸಿಮೆಂಟ್ ಲಾರಿಗಳ ಹಿಂದೆ ಓಡಾಡಿದರೆ ಗ್ಲಾಸಿಗೆ ಸಣ್ಣ ಗೀರುಗಳೂ ಬೀಳುತ್ತವೆ. ಇಂಥ ಗ್ಲಾಸಿನ ಹಿಂದೆ ಯಾವ ಬಲ್ಬ್ ಹಾಕಿದರೂ ಹಣ ದಂಡ.

ಇದನ್ನು ಮನೆಯಲ್ಲೇ ತೆಗೆಯಬಹುದು. ಸುತ್ತಲಿನ ಪೇಂಟಿಗೆ ಟೇಪ್ ಅಂಟಿಸಿ. 1000 ನಂಬರಿನ ವಾಟರ್ ಪೇಪರನ್ನು ನೀರಲ್ಲಿ ನೆನೆಸಿ ಒಂದೇ ದಿಕ್ಕಿಗೆ ಉಜ್ಜಿ. ಹಳದಿ ಹಾಲು ಸುರಿಯುವುದು ನಿಂತು ಬಿಳಿ ಹಾಲು ಬರುವವರೆಗೆ ಉಜ್ಜಬೇಕು. ಆಮೇಲೆ 1500, 2000, ಕೊನೆಗೆ 3000. ಪ್ರತಿ ಪೇಪರಿಗೂ ದಿಕ್ಕು ಬದಲಿಸಿ, ಹಿಂದಿನ ಗೀರು ಹೋಗಿದೆಯಾ ಅಂತ ಆಗ ಕಾಣುತ್ತದೆ. ನಂತರ ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಶ್. ಇಷ್ಟಕ್ಕೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ, ಯಾಕೆಂದರೆ ಇದ್ದ ಬದ್ದ ಲೇಪನವನ್ನೂ ನೀವೇ ಉಜ್ಜಿ ತೆಗೆದಿದ್ದೀರಿ. ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಟೂತ್‌ಪೇಸ್ಟ್ ಉಜ್ಜುವ ವಿಡಿಯೋಗಳನ್ನು ನೋಡಿ ನಗಬಹುದು. ಕಾರು ಮಾರುವ ದಿನಕ್ಕೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಜೊತೆಗೆ ವಿಂಡ್‌ಶೀಲ್ಡನ್ನು ಒಳಗಿನಿಂದ ಒರೆಸಿ. ಡ್ಯಾಶ್‌ಬೋರ್ಡ್ ಬಿಸಿಗೆ ಒಳಮೈಗೆ ಎಣ್ಣೆಯಂಥ ಪದರ ಕೂರುತ್ತದೆ. ಹಗಲು ಕಾಣುವುದಿಲ್ಲ, ರಾತ್ರಿ ಎದುರು ಲೈಟು ಬಿದ್ದ ಕೂಡಲೇ ಇಡೀ ಗಾಜು ಬೆಳ್ಳಗಾಗುತ್ತದೆ. ನಲವತ್ತು ದಾಟಿದ್ದರೆ ಕಣ್ಣನ್ನೂ ಒಮ್ಮೆ ತೋರಿಸಿಕೊಳ್ಳಿ. ತಪ್ಪು ತಿಳಿಯಬೇಡಿ, ಎಷ್ಟೋ ಸಲ ದೋಷ ಕಾರಿನಲ್ಲಿ ಇರುವುದೇ ಇಲ್ಲ.

ವೋಲ್ಟೇಜ್ ನೋಡಿ

ಹ್ಯಾಲೊಜೆನ್ ಬಲ್ಬಿನ ಸ್ವಭಾವ ವಿಚಿತ್ರ. ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಅದಕ್ಕಿಂತ ಎಷ್ಟೋ ಜಾಸ್ತಿ ಇಳಿಯುತ್ತದೆ. ವೋಲ್ಟೇಜ್ 10% ಕಡಿಮೆಯಾದರೆ ಬೆಳಕು ಸುಮಾರು 30% ಹೋಯಿತು ಅಂತಲೇ ಲೆಕ್ಕ. ಬಲ್ಬಿನ ಬೆಳಕು ಕೆಂಪು ಹಳದಿಯಾಗಿ ಕಂಡರೆ ಇಲ್ಲೇ ಅನುಮಾನಪಡಿ.

ಒಂದು ಸಾದಾ ಮಲ್ಟಿಮೀಟರ್ ಸಾಕು. ಎಂಜಿನ್ ಸ್ಟಾರ್ಟ್ ಇಟ್ಟು, ಲೋ ಬೀಮ್ ಹಾಕಿ, ಬ್ಯಾಟರಿ ಮೇಲೆ ಅಳೆಯಿರಿ. 13.8 ರಿಂದ 14.2 ವೋಲ್ಟ್ ಸುತ್ತಮುತ್ತ ಇರಬೇಕು. ಆಮೇಲೆ ಬಲ್ಬ್ ಉರಿಯುತ್ತಿರುವಾಗಲೇ ಅದರ ಹೋಲ್ಡರಿನ ಹಿಂಬದಿಯಿಂದ ಕಡ್ಡಿ ತೂರಿಸಿ ಅಳೆಯಿರಿ. ಎರಡರ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಇದ್ದರೆ ಪರವಾಗಿಲ್ಲ. ಒಂದು ವೋಲ್ಟ್ ದಾಟಿದರೆ ನಿಮ್ಮ ಬೆಳಕು ವೈರಿನಲ್ಲೇ ಸೋರಿಹೋಗುತ್ತಿದೆ. ಸಾಮಾನ್ಯವಾಗಿ ಸಿಗುವ ಕಳ್ಳ ಅರ್ಥ್, ಅಂದರೆ ನೆಗೆಟಿವ್ ಬದಿಯ ವೈರು. ಕಾರಿನ ಬಾಡಿ ಮೇಲೆ ಬಿಗಿದ ಅರ್ಥ್ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸ್ ಸವರಿ ಮತ್ತೆ ಬಿಗಿದರೆ ಬೆಳಕು ಅಲ್ಲೇ ಕಣ್ಣೆದುರು ಏರುತ್ತದೆ. ಸುಟ್ಟು ಕಂದಾದ ಹೋಲ್ಡರ್ ಇದ್ದರೆ ಬದಲಿಸಿ.

ಇದಾದ ಮೇಲೂ ವೋಲ್ಟೇಜ್ ಸೊರಗಿದ್ದರೆ ರಿಲೇ ವೈರಿಂಗ್ ಹಾಕಿಸಬಹುದು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ದಪ್ಪ ವೈರು, ಎರಡು ರಿಲೇ, ಬ್ಯಾಟರಿ ಹತ್ತಿರವೇ ಫ್ಯೂಸ್. ಹಳೆಯ ಸ್ವಿಚ್ಚಿಗೆ ಹೊರೆ ಇಳಿಯುತ್ತದೆ. ಎರಡು ಎಚ್ಚರಿಕೆ ಇದೆ. ಕೆಲವು ಕಾರುಗಳಲ್ಲಿ ಸ್ವಿಚ್ ಇರುವುದು ಪಾಸಿಟಿವ್ ಬದಿಗಲ್ಲ, ಅರ್ಥ್ ಬದಿಗೆ. ಅದಕ್ಕೆ ಹೊಂದದ ಕಿಟ್ ಹಾಕಿದರೆ ಹೈ ಬೀಮ್ ಸೂಚಕ ಉರಿಯುವುದಿಲ್ಲ, ಅಥವಾ ಎರಡೂ ತಂತಿ ಒಟ್ಟಿಗೆ ಮಂದವಾಗಿ ಉರಿಯುತ್ತವೆ. ಇನ್ನೊಂದು, ಕಾರು ವಾರಂಟಿಯಲ್ಲಿದ್ದರೆ ವೈರ್ ಕತ್ತರಿಸುವ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಕಾನೂನು

ಇದರ ಬಗ್ಗೆ ಬಾಯಿಗೆ ಬಂದದ್ದು ಹೇಳುವವರೇ ಜಾಸ್ತಿ. ನಿಜವಾಗಿ ಇರುವುದು ಇಷ್ಟು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಹೊಸ ರೂಪ ಪಡೆಯಿತು. ಅನುಮತಿ ಇಲ್ಲದ ರೀತಿಯಲ್ಲಿ ಬಿಡಿಭಾಗ ಹಾಕಿ ವಾಹನ ಬದಲಾಯಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ರಸ್ತೆಯಲ್ಲಿ ಹಿಡಿದಾಗ ಸಾಮಾನ್ಯವಾಗಿ ಹಾಕುವುದು 177ನೇ ಕಲಂ, ಮೊದಲ ಸಲಕ್ಕೆ 500 ರೂಪಾಯಿ. ಅಷ್ಟೇ ತಾನೇ ಅಂತ ಅಂದುಕೊಂಡು ಓಡಾಡುವವರಿದ್ದಾರೆ. ಅಪಘಾತವಾಗಿ ಕೇಸು ಬಿದ್ದರೆ ಮಾತ್ರ ಉಳಿದ ಕಲಂಗಳೆಲ್ಲ ಒಂದೊಂದಾಗಿ ಹೊರಬರುತ್ತವೆ.

ದೀಪದ ವಿಚಾರ ನೇರವಾಗಿ ಇರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ. 106ನೇ ನಿಯಮವನ್ನು ಎಲ್ಲರೂ ತಿಳಿದಿರಬೇಕು. ಮುಂದಿನ ದೀಪದ ಬೆಳಕು ಕಾಯಂ ಆಗಿ ಕೆಳಕ್ಕೆ ಬಾಗಿರಬೇಕು. ಎಷ್ಟು? ದೀಪದಿಂದ 8 ಮೀಟರ್ ಮುಂದೆ, ದೀಪದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿಟ್ಟವನಿಗೆ ಕುಕ್ಕಬಾರದು. ಇದರಲ್ಲಿ ಎಲ್‌ಇಡಿ, ಹ್ಯಾಲೊಜೆನ್ ಅನ್ನುವ ಮಾತೇ ಇಲ್ಲ ನೋಡಿ. ಯಾವುದೇ ಆದರೂ ಕಣ್ಣು ಕುಕ್ಕಿದರೆ ತಪ್ಪು.

108ನೇ ನಿಯಮ ಬಣ್ಣದ್ದು. ಮುಂದೆ ಕೆಂಪು ಬೆಳಕು ಕಾಣಬಾರದು. ಕೆಂಪು ನೀಲಿ ಮಿಣುಕು ದೀಪ ಪೊಲೀಸ್, ಆಂಬುಲೆನ್ಸ್‌ನಂಥ ತುರ್ತು ವಾಹನಗಳದ್ದು. ಜೀಪಿನ ಗ್ರಿಲ್ ಒಳಗೆ ಮಿಣುಕಿಸಿಕೊಂಡು ಓಡಾಡುವ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕು. 111ನೇ ನಿಯಮ ಸ್ಪಾಟ್ ಲೈಟ್, ಸರ್ಚ್ ಲೈಟ್ ಮೇಲೆ. ವಿಶೇಷ ಸಂದರ್ಭದಲ್ಲಿ ಆರ್‌ಟಿಒ ಮುಂಚಿತವಾಗಿ ಒಪ್ಪಿಗೆ ಕೊಟ್ಟರೆ ಮಾತ್ರ ಮುಂದೆ ಹಾಕಬಹುದು. ಬಂಪರ್ ಮೇಲೆ ಲೈಟ್ ಬಾರ್ ಹಾಕಿಸಿಕೊಂಡು "ನಾನು ಆನ್ ಮಾಡೋದೇ ಇಲ್ಲ, ಕವರ್ ಹಾಕೀನ್ರಿ" ಅಂದರೆ ನಡೆಯುವುದಿಲ್ಲ. ನಿಯಮ ಹೇಳುವುದು ಉರಿಸುವುದರ ಬಗ್ಗೆ ಅಲ್ಲ, ಅಳವಡಿಸುವುದರ ಬಗ್ಗೆ.

ರಾಜ್ಯದಲ್ಲಿ 2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಪೊಲೀಸರು ವಿಶೇಷ ಕಾರ್ಯಾಚರಣೆಯನ್ನೇ ಮಾಡಿ ಕೇಸು ಹಾಕಿದರು. ಹಾಗಾಗಿ "ನಮ್ಮ ಕಡೆ ಯಾರು ಕೇಳ್ತಾರ" ಅನ್ನುವ ಕಾಲ ಹೋಯಿತು.

ಹಳದಿ ಬೋರ್ಡ್ ಗಾಡಿ ಇದ್ದವರಿಗೆ ಇನ್ನೊಂದು ಬಾಬತ್ತು. ಎಫ್‌ಸಿಗೆ ಹೋದಾಗ ಹೆಡ್‌ಲೈಟನ್ನೂ ಪರೀಕ್ಷೆ ಮಾಡುತ್ತಾರೆ. ಇನ್ಶೂರೆನ್ಸ್ ಇರುವವರೆಲ್ಲರಿಗೂ ಒಂದು ಮಾತು: ಆಮೇಲೆ ಹಾಕಿಸಿದ ಎಲೆಕ್ಟ್ರಿಕ್ ಸಾಮಾನನ್ನು ಕಂಪನಿಗೆ ಹೇಳದೆ ಇಟ್ಟು, ಅದರಿಂದಲೇ ವೈರಿಂಗ್ ಸುಟ್ಟರೆ, ಕ್ಲೇಮಿನಲ್ಲಿ ಜಗಳ ಖಾತ್ರಿ.

ಅಂಗಡಿಗೆ ಹೋದಾಗ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಯಾವುದೇ ಆಕ್ಸೆಸರಿ ಅಂಗಡಿಗೆ ಹೋಗಿ, ಕೌಂಟರ್ ಮೇಲೆ ಒಂದು ಡೆಮೊ ಪೆಟ್ಟಿಗೆ ಇರುತ್ತದೆ. ಒಂದು ಕಡೆ ಹ್ಯಾಲೊಜೆನ್, ಇನ್ನೊಂದು ಕಡೆ ಎಲ್‌ಇಡಿ. ಸ್ವಿಚ್ ಹಾಕಿ ಹೇಳುತ್ತಾರೆ, "ನೋಡ್ರಿ ಅಣ್ಣಾರ, ಹಗಲಾದಂಗ ಆಗ್ತದ. ರೋಡ್ ಪೂರಾ ಕಾಣ್ತದ." ಮೂರಡಿ ದೂರದ ಗೋಡೆಗೆ ಹಗಲಾಗುವುದು ನಿಜ. ರಸ್ತೆಯಲ್ಲಿ 60 ಮೀಟರ್ ಆಚೆ ಏನಾಗುತ್ತದೆ ಅಂತ ಆ ಪೆಟ್ಟಿಗೆ ಹೇಳುವುದಿಲ್ಲ.

ಅಲ್ಲಿ ಆಗುವುದು ಇದು. ಹ್ಯಾಲೊಜೆನ್ ತಂತಿ ಸಣ್ಣದು, ಸುತ್ತ ಎಲ್ಲ ಕಡೆ ಬೆಳಕು ಚೆಲ್ಲುತ್ತದೆ. ರಿಫ್ಲೆಕ್ಟರಿನ ಪ್ರತಿ ಮಡಿಕೆಯನ್ನೂ ಆ ತಂತಿ ಇರುವ ಬಿಂದುವಿಗೇ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಒಂದು ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿರುತ್ತಾರೆ. ಬೆಳಕು ಎರಡೇ ಕಡೆ ಹೋಗುತ್ತದೆ. ಬಿಂದು ಒಂದೆರಡು ಮಿಲಿಮೀಟರ್ ಸರಿದರೂ ಕಟ್ ಆಫ್ ಗೆರೆ, ಅಂದರೆ ಲೋ ಬೀಮ್ ಬೆಳಕಿನ ಮೇಲಂಚು, ಕಲಸಿಹೋಗುತ್ತದೆ. ಕಾರಿನ ಮುಂದೆಯೇ ನೆಲ ಬೆಳ್ಳಗೆ ಹೊಳೆಯುತ್ತದೆ, ದೂರದಲ್ಲಿ ಕತ್ತಲು, ಎದುರಿನವನ ಕಣ್ಣಿಗೆ ಕಿರಣ. ಹತ್ತಿರದ ನೆಲ ಹೊಳೆದಷ್ಟೂ ಕಣ್ಣಿನ ಪಾಪೆ ಕಿರಿದಾಗಿ ದೂರದ್ದು ಇನ್ನೂ ಕಾಣುವುದಿಲ್ಲ. ಓಡಿಸುವವನಿಗೆ ಮಾತ್ರ "ಭಾರಿ ಬೆಳಕು" ಅನ್ನಿಸುತ್ತಿರುತ್ತದೆ. ಹಿಂದಿನ ಪುಟ್ಟ ಫ್ಯಾನಿಗೆ ನಮ್ಮ ಎರೆಮಣ್ಣಿನ ಧೂಳು ತುಂಬಿ ಅದು ನಿಂತರೆ ಚಿಪ್ ಬಿಸಿಯಾಗಿ ಬೆಳಕೂ ಇಳಿಯುತ್ತದೆ.

ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬ್‌ಗಳಿಗೆ ಒಪ್ಪಿಗೆ ಇದೆಯಲ್ಲ ಅಂತ ಕೇಳುವವರಿದ್ದಾರೆ. ಹೌದು, ಇದೆ. ಆದರೆ ಇಂಥ ಬಲ್ಬ್, ಇಂಥ ಕಾರಿನ ಇಂಥ ಹೆಡ್‌ಲೈಟಿಗೆ ಅಂತ ಒಂದೊಂದನ್ನೂ ಪರೀಕ್ಷೆ ಮಾಡಿ ಪಟ್ಟಿ ಮಾಡಿದ್ದಾರೆ. ಅದನ್ನು ತೋರಿಸಿ ಇಲ್ಲಿ ಹಾಕಿಸಿಕೊಳ್ಳಲು ಆಗುವುದಿಲ್ಲ. ಡಬ್ಬಿ ಮೇಲೆ ಡಾಟ್ ಅಂತ ಅಚ್ಚಾಗಿದ್ದರೆ ಅದು ಅಮೆರಿಕದ ಗುರುತು, ನಮಗೆ ಉಪಯೋಗವಿಲ್ಲ.

ಹಾಗಾದರೆ 100/90 ವ್ಯಾಟಿನ ಹ್ಯಾಲೊಜೆನ್? ಅಂಗಡಿಯಲ್ಲಿ ಆರಾಮಾಗಿ ಸಿಗುತ್ತದೆ, 130/100 ಕೂಡ. ಡಬ್ಬಿ ಮೇಲೆ ಚಿಕ್ಕ ಅಕ್ಷರದಲ್ಲಿ ರಸ್ತೆಯಲ್ಲಿ ಬಳಸಲು ಅಲ್ಲ ಅಂತಿರುತ್ತದೆ, ಓದಿ. 60 ವ್ಯಾಟಿನ ಬಲ್ಬ್ ಎಳೆಯುವುದು ಸುಮಾರು 5 ಆಂಪಿಯರ್. 130 ವ್ಯಾಟಿನದು ಎಳೆಯುವುದು ಸುಮಾರು 11. ಎರಡು ಬದಿ ಸೇರಿ 22. ಕಂಪನಿ ವೈರು, ಸ್ವಿಚ್ಚು ಇದಕ್ಕೆ ಮಾಡಿದ್ದಲ್ಲ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಸುಟ್ಟು ಹೊಗೆಬಣ್ಣಕ್ಕೆ ತಿರುಗುತ್ತದೆ. ಹೊಗೆಬಣ್ಣಕ್ಕೆ ತಿರುಗಿದ ರಿಫ್ಲೆಕ್ಟರನ್ನು ಪಾಲಿಶ್ ಮಾಡಲು ಬರುವುದಿಲ್ಲ, ಇಡೀ ಡೂಮ್, ಅಂದರೆ ಪೂರ್ತಿ ಹೆಡ್‌ಲೈಟ್ ಡಬ್ಬಿಯನ್ನೇ ಬದಲಿಸಬೇಕು.

ಅಗ್ಗದ ಪ್ರೊಜೆಕ್ಟರ್ ಕಿಟ್‌ಗಳಲ್ಲಿ ಇನ್ನೊಂದು ಮೋಸ ಇದೆ. ಬಹಳಷ್ಟು ಬರುವುದು ಬಲಬದಿ ಸಂಚಾರದ ದೇಶಗಳಿಗೆ ಮಾಡಿದ್ದು. ಲೋ ಬೀಮ್‌ನಲ್ಲಿ ಕಟ್ ಆಫ್ ಗೆರೆ ಒಂದು ಬದಿಗೆ ಮೇಲಕ್ಕೆ ಏರುತ್ತದೆ, ರಸ್ತೆ ಪಕ್ಕದ ದನ, ಜನ, ಮೈಲುಗಲ್ಲು ಕಾಣಲಿ ಅಂತ. ನಮ್ಮಲ್ಲಿ ಅದು ಎಡಕ್ಕೆ ಏರಬೇಕು. ಆ ಕಿಟ್‌ಗಳಲ್ಲಿ ಬಲಕ್ಕೆ ಏರುತ್ತದೆ, ಅಂದರೆ ಎದುರಿನ ಚಾಲಕನ ಮುಖಕ್ಕೆ ನೇರ. ಬಾಣದ ಗುರುತು ನೋಡಿ ಅಂದಿದ್ದು ಇದಕ್ಕೇ.

ಕೊಳ್ಳಬಹುದಾದ್ದು ಏನು ಹಾಗಾದರೆ? ಒಳ್ಳೆಯ ಕಂಪನಿಯ, ಇ ಗುರುತಿರುವ, ಅದೇ 60/55 ವ್ಯಾಟಿನ ಹ್ಯಾಲೊಜೆನ್. ಫಿಲಿಪ್ಸ್, ಓಸ್ರಾಮ್ ಯಾವುದಾದರೂ ಸರಿ. ಬೆಳಕು ನೂರು ಪರ್ಸೆಂಟ್ ಜಾಸ್ತಿ ಅಂತ ಬರೆದಿರುವುದು ಇಡೀ ಬೆಳಕಿನ ಲೆಕ್ಕ ಅಲ್ಲ, ಬೀಮ್‌ನ ಒಂದು ಜಾಗದ ಲೆಕ್ಕ. ಆದರೂ ವ್ಯತ್ಯಾಸ ಕಾಣುತ್ತದೆ, ಬದಲಿಗೆ ಬೇಗ ಹೋಗುತ್ತದೆ. ಜೋಡಿಯಾಗಿಯೇ ಬದಲಿಸಿ. ಗಾಜಿಗೆ ಬೆರಳು ತಾಗಿದ್ದರೆ ಸ್ಪಿರಿಟ್ ಹಾಕಿ ಒರೆಸಿ, ಇಲ್ಲದಿದ್ದರೆ ಎಣ್ಣೆ ಕೂತ ಜಾಗ ಜಾಸ್ತಿ ಕಾದು ಗಾಜು ಒಡೆಯುತ್ತದೆ. ನೀಲಿ ಬಣ್ಣ ಬಳಿದ ಬಲ್ಬ್ ಬೇಡ. ನೀಲಿ ಬಣ್ಣವೇ ಬೆಳಕನ್ನು ನುಂಗುತ್ತದೆ.

ನಿಮ್ಮದೇ ಮಾದರಿಯ ಟಾಪ್ ವೇರಿಯಂಟ್‌ನಲ್ಲಿ ಕಂಪನಿ ಕೊಡುವ ಪ್ರೊಜೆಕ್ಟರ್ ಅಥವಾ ಎಲ್‌ಇಡಿ ಡೂಮ್ ಹಾಕಿಸುವ ಯೋಚನೆ ಇದ್ದರೆ ಉಳಿದೆಲ್ಲದಕ್ಕಿಂತ ಅದು ವಾಸಿ. ಆ ದೀಪ ಆ ಮಾದರಿಗೆಂದೇ ಪಾಸಾಗಿರುತ್ತದೆ. ಆದರೆ ವೈರಿಂಗ್, ಕಂಟ್ರೋಲ್ ಯೂನಿಟ್, ಲೆವೆಲಿಂಗ್ ಮೋಟಾರ್ ಹೊಂದುತ್ತದೆಯಾ ಅಂತ ಡೀಲರ್ ಹತ್ತಿರ ಬರವಣಿಗೆಯಲ್ಲಿ ಕೇಳಿ, ಆರ್‌ಟಿಒ ಕಚೇರಿಯಲ್ಲೂ ವಿಚಾರಿಸಿ, ಆಮೇಲೆ ದುಡ್ಡು ಕಟ್ಟಿ. ಫಾಗ್ ಲ್ಯಾಂಪ್‌ಗೂ ಇದೇ ಮಾತು. ಎರಡೇ, ಹೆಡ್‌ಲೈಟಿಗಿಂತ ಕೆಳಗೆ, ಬಿಳಿ ಅಥವಾ ಹಳದಿ.

ಗೋಡೆಗೆ ಬೆಳಕು ಹಾಕಿ ಫೋಕಸ್ ಹೊಂದಿಸುವುದು

ಇಡೀ ಬರಹದಲ್ಲಿ ಒಂದನ್ನೇ ಮಾಡುವಿರಾದರೆ ಇದನ್ನು ಮಾಡಿ. ಒಂದು ಸಂಜೆಯ ಕೆಲಸ, ಒಂದು ಪೈಸೆ ಖರ್ಚಿಲ್ಲ.

ಸಮತಟ್ಟಾದ ಜಾಗ ಬೇಕು, ಎದುರಿಗೆ ಗೋಡೆ. ಶಹಾಬಾದ್ ಫರ್ಸಿ ಹಾಸಿದ ಅಂಗಳ ಚೆನ್ನಾಗಿರುತ್ತದೆ, ಆದರೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಗೌಂಡಿಯವರ ಹತ್ತಿರ ಇರುವ ಲೆವೆಲ್ ಪೈಪ್ ಕೇಳಿ ತಂದು ಮುಂದಿನ ಚಕ್ರ, ಹಿಂದಿನ ಚಕ್ರ, ಗೋಡೆಯ ಬುಡ, ಮೂರೂ ಒಂದೇ ಮಟ್ಟದಲ್ಲಿದೆಯಾ ನೋಡಿ. ಒಂದೇ ಸಮನೆ ಇಳಿಜಾರಾಗಿದ್ದರೆ ತೊಂದರೆಯಿಲ್ಲ, ನಡುವೆ ಉಬ್ಬು ತಗ್ಗು ಇರಬಾರದು.

ನಾಲ್ಕೂ ಟೈರಿಗೆ ಸರಿಯಾದ ಗಾಳಿ. ಡಿಕ್ಕಿ ಖಾಲಿ. ಟ್ಯಾಂಕ್ ಅರ್ಧ. ಡ್ರೈವರ್ ಸೀಟಿನಲ್ಲಿ ಒಬ್ಬರು ಕೂರಲಿ. ಸ್ಟೇರಿಂಗ್ ಬಲಗಡೆ ಇರುವ ಲೆವೆಲಿಂಗ್ ಗಾಲಿ 0ಗೆ ತನ್ನಿ.

ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ ತನ್ನಿ. ಎರಡೂ ದೀಪದ ನಡುಬಿಂದುವಿನ ಎದುರು ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತುಗಳನ್ನು ಸೇರಿಸಿ ಅಡ್ಡಗೆರೆ, ಪ್ರತಿ ಗುರುತಿನ ಮೂಲಕ ಉದ್ದಗೆರೆ. ಈಗ ಕಾರನ್ನು ನೇರ ಹಿಂದಕ್ಕೆ ತೆಗೆಯಿರಿ, ದೀಪದಿಂದ ಗೋಡೆಗೆ 5 ಮೀಟರ್. ಬಾನೆಟ್ ಒಳಗೆ ಅಥವಾ ದೀಪದ ಮೇಲೆ 1.0 ಇಂದ 1.3ರವರೆಗೆ ಯಾವುದೋ ಒಂದು ಪರ್ಸೆಂಟ್ ಬರೆದಿರುತ್ತದೆ. 1.2 ಅಂತಿದ್ದರೆ 5 ಮೀಟರಿಗೆ 6 ಸೆಂಟಿಮೀಟರ್. ಅಷ್ಟು ಕೆಳಗೆ ಇನ್ನೊಂದು ಅಡ್ಡಗೆರೆ ಎಳೆಯಿರಿ. ನಿಮ್ಮ ಬೆಳಕಿನ ಮೇಲಂಚು ಈ ಕೆಳಗೆರೆಯ ಮೇಲೆ ಕೂರಬೇಕು.

ಕತ್ತಲಾದ ಮೇಲೆ ಲೋ ಬೀಮ್ ಹಾಕಿ. ಒಂದು ದೀಪದ ಕನೆಕ್ಟರ್ ತೆಗೆದಿಟ್ಟು ಒಂದೊಂದನ್ನೇ ನೋಡಿ. ಹ್ಯಾಲೊಜೆನ್ ಮೇಲೆ ಬಟ್ಟೆ ಮುಚ್ಚಬೇಡಿ, ಬಿಸಿಗೆ ಸುಡುತ್ತದೆ. ಗೋಡೆಯ ಮೇಲೆ ಬಲಕ್ಕೆ ಸಪಾಟಾದ ಅಂಚು, ಎಡಕ್ಕೆ ಓರೆಯಾಗಿ ಏರುವ ಅಂಚು ಕಾಣುತ್ತದೆ. ಇವೆರಡೂ ಸೇರುವ ಮೂಲೆ ಉದ್ದಗೆರೆಯ ಮೇಲೆ ಬೀಳಬೇಕು. ದೀಪದ ಹಿಂದೆ ಎರಡು ಸ್ಕ್ರೂ ಇರುತ್ತವೆ, ಒಂದು ಮೇಲೆ ಕೆಳಗೆ, ಇನ್ನೊಂದು ಎಡ ಬಲ. ಕಾಲು ಸುತ್ತು ತಿರುಗಿಸಿ, ನಿಂತು ನೋಡಿ, ಮತ್ತೆ ತಿರುಗಿಸಿ. ಕೊನೆಯ ತಿರುಗು ಬಿಗಿಯುವ ದಿಕ್ಕಿಗೇ ಇರಲಿ, ಇಲ್ಲದಿದ್ದರೆ ನಮ್ಮ ಗುಂಡಿ ರಸ್ತೆಗೆ ಅದು ಮತ್ತೆ ಜಾರುತ್ತದೆ. ಸಪಾಟಾದ ಅಂಚೇ ಕಾಣದೆ ಬೆಳಕು ಮೋಡದ ಹಾಗೆ ಹರಡಿದ್ದರೆ ಬಲ್ಬ್ ಸರಿಯಾಗಿ ಕೂತಿಲ್ಲ, ಅಥವಾ ಯಾರೋ ಎಲ್‌ಇಡಿ ಹಾಕಿಟ್ಟಿದ್ದಾರೆ.

ಈ ಒಂದು ಪರ್ಸೆಂಟ್ ಅನ್ನುವುದು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ ನೋಡಿ. ದೀಪ 70 ಸೆಂಟಿಮೀಟರ್ ಎತ್ತರದಲ್ಲಿದ್ದು 1.2 ಪರ್ಸೆಂಟ್ ಬಾಗಿದ್ದರೆ ಬೆಳಕು 58 ಮೀಟರ್ ಆಚೆ ನೆಲ ಮುಟ್ಟುತ್ತದೆ. 2.4 ಬಾಗಿದ್ದರೆ 29 ಮೀಟರಿಗೇ ಮುಗಿಯಿತು. ಬಲ್ಬ್ ಅದೇ, ಬ್ಯಾಟರಿ ಅದೇ, ಅರ್ಧ ರಸ್ತೆ ಮಾಯ. "ಬೆಳಕು ಸಾಲಲ್ಲ" ಅನ್ನುವ ದೂರಿನ ಹಿಂದೆ ಇರುವುದು ಬಹಳ ಸಲ ಇದೇ.

ರಸ್ತೆಯಲ್ಲಿ

ಫೋಕಸ್ ಸರಿ ಇದ್ದರೂ ಲೋ ಬೀಮ್‌ಗೆ ಒಂದು ಮಿತಿ ಇದೆ. 80ರಲ್ಲಿ ಹೋಗುವಾಗ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನೋಡಿ, ಬ್ರೇಕ್ ಒತ್ತಿ, ನಿಲ್ಲುವಷ್ಟರಲ್ಲಿ 65, 70 ಮೀಟರ್ ಆಗಿಹೋಗಿರುತ್ತದೆ. ಬೆಳಕು ಇರುವುದು 58. ಕಬ್ಬಿನ ಸೀಜನ್‌ನಲ್ಲಿ ಆಳಂದ, ಅಫಜಲಪುರ, ಭಾಲ್ಕಿ ಕಡೆ ಎರಡೆರಡು ಟ್ರೇಲರ್ ಎಳೆದುಕೊಂಡು, ಹಿಂದೆ ಒಂದು ರಿಫ್ಲೆಕ್ಟರೂ ಇಲ್ಲದೆ ಹೋಗುವ ಟ್ರ್ಯಾಕ್ಟರ್‌ಗಳನ್ನು ನೆನೆಸಿಕೊಳ್ಳಿ. ಲೋ ಬೀಮ್‌ನಲ್ಲಿ 60 ಸಾಕು. ಖಾಲಿ ರಸ್ತೆಯಲ್ಲಿ ಹೈ ಬೀಮ್ ಹಾಕಿ, ಅದು ಇರುವುದೇ ಅದಕ್ಕೆ, ಎದುರು ಗಾಡಿ ಕಂಡ ಕೂಡಲೇ ಡಿಮ್ ಮಾಡಿ. ಹುಣ್ಣಿಮೆಗೆ ಗಾಣಗಾಪುರಕ್ಕೆ, ಯುಗಾದಿ ಮುಂಚೆ ಶ್ರೀಶೈಲಕ್ಕೆ ರಾತ್ರಿ ನಡೆದು ಹೋಗುವವರು ಎದುರು ಬಂದಾಗಲೂ ಡಿಮ್ ಮಾಡಿ. ಅವರಿಗೂ ಕಣ್ಣು ಕತ್ತಲಿಟ್ಟರೆ ರಸ್ತೆ ಬಿಟ್ಟು ಹಳ್ಳಕ್ಕೆ ಇಳಿಯಬೇಕಾಗುತ್ತದೆ.

ಹೊಸ ಕಾರು ಕೊಳ್ಳುವವರಿಗೆ

ತಂತ್ರಜ್ಞಾನ ಬಹಳ ಮುಂದೆ ಹೋಗಿದೆ. 1991ರಲ್ಲಿ ಬಿಎಂಡಬ್ಲ್ಯೂ 7 ಸೀರೀಸ್‌ಗೆ ಕ್ಸೆನಾನ್ ಬಂತು, 2007ರಲ್ಲಿ ಲೆಕ್ಸಸ್ ಎಲ್‌ಎಸ್ 600ಎಚ್‌ಗೆ ಎಲ್‌ಇಡಿ ಲೋ ಬೀಮ್, 2013ರಲ್ಲಿ ಔಡಿ ಎ8ಗೆ ಮ್ಯಾಟ್ರಿಕ್ಸ್. ಮ್ಯಾಟ್ರಿಕ್ಸ್ ಅಂದರೆ ಹೈ ಬೀಮ್ ಅನ್ನು ಹಲವು ತುಂಡು ಮಾಡಿ, ಎದುರು ಗಾಡಿ ಇರುವ ತುಂಡನ್ನು ಮಾತ್ರ ಆರಿಸುವುದು. ಉಳಿದ ರಸ್ತೆಗೆಲ್ಲ ಹೈ ಬೀಮ್ ಹಾಗೇ ಇರುತ್ತದೆ. ಕನ್ನಡಿಯ ಹಿಂದಿನ ಕ್ಯಾಮೆರಾ ಇದನ್ನು ನಡೆಸುತ್ತದೆ. ಎಕ್ಸ್‌ಯುವಿ700ನಂಥ ಕಾರುಗಳಲ್ಲಿರುವ ಆಟೋ ಹೈ ಬೀಮ್ ಇದರ ಬಡ ತಮ್ಮ. ಹೈ ಮತ್ತು ಲೋ ನಡುವೆ ತಾನೇ ಬದಲಾಯಿಸುತ್ತದೆ, ತುಂಡು ಮಾಡುವುದಿಲ್ಲ.

ಎರಡೂ ಒಳ್ಳೆಯವೇ. ಆದರೆ ಕ್ಯಾಮೆರಾ ಹುಡುಕುವುದು ದೀಪವನ್ನು. ದೀಪವೇ ಇಲ್ಲದ ಎತ್ತಿನಗಾಡಿ, ಸೈಕಲ್, ನಡೆದು ಹೋಗುವವರು ಅದರ ಲೆಕ್ಕಕ್ಕೆ ಸಿಗದೇ ಇರಬಹುದು. ಕ್ಯಾಮೆರಾ ಮುಂದಿನ ಗಾಜಿಗೆ ಧೂಳು ಕೂತಿದ್ದರೆ ಇನ್ನೂ ತಡ ಮಾಡುತ್ತದೆ. ಕೈ ಯಾವಾಗಲೂ ಸ್ವಿಚ್ಚಿನ ಹತ್ತಿರ ಇರಲಿ. ಇನ್ನೊಂದು ಲೆಕ್ಕವನ್ನೂ ಹಾಕಿ: ಕಂಪನಿಯ ಎಲ್‌ಇಡಿ ಕೆಟ್ಟರೆ ಬಲ್ಬ್ ಬದಲಿಸುವ ಮಾತೇ ಇಲ್ಲ, ಸಾಮಾನ್ಯವಾಗಿ ಇಡೀ ಡೂಮ್. ದನ ಗುದ್ದಿದರೂ ಹತ್ತಾರು ಸಾವಿರ. ಸವಕಳಿ ಅಂತ ಹಣ ಕಡಿತ ಮಾಡದ ಝೀರೊ ಡೆಪ್ ಇನ್ಶೂರೆನ್ಸ್ ಇದ್ದರೆ ವಾಸಿ.

ಆಗಲೇ ಎಲ್‌ಇಡಿ ಹಾಕಿಸಿಬಿಟ್ಟಿದ್ದರೆ

ಗೋಡೆ ಪರೀಕ್ಷೆ ಮಾಡಿ. 106ನೇ ನಿಯಮದ ಅಳತೆಗೆ ಮನೆಯವರನ್ನು ನಿಲ್ಲಿಸಿ ನೋಡಿ, 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರಕ್ಕೆ ಕಣ್ಣು. ಕುಕ್ಕುತ್ತದೆ ಅಂದರೆ ವಾದ ಮಾಡಬೇಡಿ, ತೆಗೆಯಿರಿ. ಕುಕ್ಕದಿದ್ದರೂ ಹ್ಯಾಲೊಜೆನ್‌ಗೆ ಪಾಸಾದ ದೀಪದೊಳಗೆ ಅದು ಅನಧಿಕೃತವೇ. ಹಳೆಯ ಬಲ್ಬ್ ಅಂಗಡಿಯವರೇ ಇಟ್ಟುಕೊಂಡಿದ್ದರೆ ಹೊಸ ಜೋಡಿ 60/55 ತನ್ನಿ, ದೊಡ್ಡ ಖರ್ಚೇನಲ್ಲ. ಕಂಪನಿಯ ರಬ್ಬರ್ ಕವರನ್ನು ಫ್ಯಾನ್ ಹಿಡಿಸಲು ಕತ್ತರಿಸಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಮೊದಲ ಮಳೆಗೇ ಡೂಮ್ ಒಳಗೆ ನೀರು. ಆಮೇಲೆ ಫೋಕಸ್ ಮತ್ತೆ ಹೊಂದಿಸಿ. ಎಲ್‌ಇಡಿ ಕುಕ್ಕುತ್ತದೆ ಅಂತ ಮೆಕ್ಯಾನಿಕ್ ದೀಪವನ್ನೇ ನೆಲಕ್ಕೆ ಬಗ್ಗಿಸಿಟ್ಟಿರುತ್ತಾನೆ. ಅದನ್ನು ಹಾಗೇ ಬಿಟ್ಟು ಹ್ಯಾಲೊಜೆನ್ ಹಾಕಿದರೆ ಬಂಪರ್ ಮುಂದಿನ ಹತ್ತು ಹೆಜ್ಜೆ ಬಿಟ್ಟು ಏನೂ ಕಾಣುವುದಿಲ್ಲ.

ಸಸ್ಪೆನ್ಷನ್ ಕೆಲಸ ಆದಾಗ, ಟೈರ್ ಸೈಜ್ ಬದಲಾದಾಗ, ಮುಂದಿನ ಬಂಪರ್ ಬಿಚ್ಚಿ ಹಾಕಿದಾಗ ಗೋಡೆ ಪರೀಕ್ಷೆ ಇನ್ನೊಮ್ಮೆ ಮಾಡಿ. ಹಿಂದಿನ ಸೀಟಿನಲ್ಲಿ ಮೂವರು ಕೂತು ಡಿಕ್ಕಿಯಲ್ಲಿ ಎರಡು ಚೀಲ ತೊಗರಿ ಇದ್ದರೆ ಲೆವೆಲಿಂಗ್ ಗಾಲಿಯನ್ನು 2ಕ್ಕೋ 3ಕ್ಕೋ ತಿರುಗಿಸಿ, ಇಳಿಸಿದ ಮೇಲೆ ಮತ್ತೆ 0ಗೆ ತನ್ನಿ.